ಜೀತದವರ ಮಕ್ಕಳಿಗೆ ಕಾಲೇಜಿನ ಸೀಟು: ದಾನವೇ, ಸಾಲ ತೀರಿಕೆಯೇ?

ಪ್ರತಿ ವರ್ಷ ಸಿಇಟಿ ಮತ್ತು ನೀಟ್ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಯಾರ ಮಗನಿಗೆ ಯಾವ ರ‍್ಯಾಂಕ್ ಬಂತು, ಯಾವ ಪ್ರವರ್ಗದಲ್ಲಿ ಯಾವ ಕಾಲೇಜು ಸಿಕ್ಕಿತು, ಕಡಿಮೆ ಅಂಕ ಪಡೆದವರಿಗೆ ಹೇಗೆ ಸೀಟು ದೊರೆಯಿತು? ಈ ಕೊನೆಯ ಪ್ರಶ್ನೆಯನ್ನು ಕೇಳುವಾಗ ನಮ್ಮ ಧ್ವನಿಯಲ್ಲಿ ಕೆಲವೊಮ್ಮೆ ಕಹಿ ಬೆರೆತಿರುತ್ತದೆ. ನಮ್ಮದೇ ಸಮುದಾಯದ 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯು ನ್ಯಾಯಾಲಯದ ಮೆಟ್ಟಿಲೇರಿರುವ ಈ ಕಾಲದಲ್ಲಿ ಅಂಥ ಕಹಿ ಸಹಜವೆಂದು ತೋರಬಹುದು. ಆದರೆ ಸಹಜವಾದುದೆಲ್ಲವೂ ನ್ಯಾಯವಾಗಬೇಕೆಂದಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಅದರ ಮೂಲದಿಂದಲೇ ಪರಿಶೀಲಿಸುವುದು ಉಚಿತ: ಹಿರಿಯರು ದಾಸ್ಯದಲ್ಲಿ ಬದುಕಿದರೆಂಬ ಕಾರಣಕ್ಕೆ ಇಂದಿನ ವಿದ್ಯಾರ್ಥಿಗೆ ಕಾಲೇಜು ಪ್ರವೇಶದಲ್ಲಿ ಆದ್ಯತೆ ನೀಡುವುದು ನ್ಯಾಯವೇ?

ಈ ಚರ್ಚೆ ಅಮೆರಿಕದಲ್ಲಿ ಬಹಳ ಸ್ಪಷ್ಟವಾದ ರೂಪದಲ್ಲಿ ನಡೆದಿದೆ. ಅಲ್ಲಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದ ಜೆಸ್ಯೂಟ್ ಪಾದ್ರಿಗಳು 1838ರಲ್ಲಿ ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು ಲೂಸಿಯಾನದ ಒಡೆಯರಿಗೆ ಮಾರಿದರು. ಬಂದ ಹಣದ ಒಂದು ಭಾಗದಿಂದ ವಿದ್ಯಾಸಂಸ್ಥೆಯ ಸಾಲ ತೀರಿತು. ಮಾರಾಟದ ದಾಖಲೆಯಲ್ಲಿ ಅವರ ಹೆಸರುಗಳೂ ವಯಸ್ಸುಗಳೂ ಉಳಿದುಕೊಂಡವು. 2016ರಲ್ಲಿ ಅದೇ ವಿಶ್ವವಿದ್ಯಾಲಯವು ತಪ್ಪೊಪ್ಪಿಕೊಂಡು, ಆ ಜನರ ವಂಶಸ್ಥರು ಪ್ರವೇಶಕ್ಕೆ ಅರ್ಜಿ ಹಾಕಿದರೆ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಲ್ಲುವ ಪರಿಗಣನೆಯೇ ಅವರಿಗೂ ಸಲ್ಲುವುದೆಂದು ಘೋಷಿಸಿತು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದುಗೊಳಿಸಿದ ಮೇಲೆ, ಜನಾಂಗವನ್ನು ಬಿಟ್ಟು ವಂಶಾವಳಿಯನ್ನು ನೋಡಬಹುದೇ ಎಂಬ ವಾದ ಇನ್ನಷ್ಟು ಬಿಸಿಯಾಯಿತು.

ಇದು ದೂರದ ದೇಶದ ಕಥೆ, ನಮಗೇನು ಸಂಬಂಧ ಎನ್ನುವವರಿರಬಹುದು. ಸಂಬಂಧವಿದೆ. ಕನ್ನಡ ನಾಡಿನಲ್ಲಿಯೂ ಗುಲಾಮರ ವಂಶಸ್ಥರಿದ್ದಾರೆ. ಅವರಲ್ಲಿ ನಮ್ಮ ಸಹಧರ್ಮೀಯರೂ ಇದ್ದಾರೆ.

ಕಪಿಲೆಯ ತೀರದ ಜೀತ

ಮೊದಲು ನಮ್ಮ ಕಾಲಡಿಯ ನೆಲವನ್ನೇ ನೋಡೋಣ. ನಂಜನಗೂಡು ಮತ್ತು ತಿ. ನರಸೀಪುರದ ಸೀಮೆ ಕಪಿಲೆ, ಕಾವೇರಿಗಳ ಕೃಪೆಯಿಂದ ಹಸಿರಾದ ಸೀಮೆ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯಂಥ ಪುರಾತನ ಕಟ್ಟೆ, ಕಾಲುವೆಗಳಿಂದ ಇಲ್ಲಿನ ಗದ್ದೆಗಳಿಗೆ ಶತಮಾನಗಳಿಂದ ನೀರು ಹರಿದಿದೆ. ಆ ಗದ್ದೆಗಳಲ್ಲಿ ನಾಟಿ ಹಾಕಿದ, ಕಳೆ ಕಿತ್ತ, ಕೊಯ್ಲು ಮಾಡಿದ, ದನ ಮೇಯಿಸಿದ ಕೈಗಳಲ್ಲಿ ಬಹುಪಾಲು ಭೂಮಿಯಿಲ್ಲದ ದಲಿತರವು. ಅವರಲ್ಲಿ ಅನೇಕರು ಕೂಲಿಯವರೂ ಅಲ್ಲ, ಜೀತದಾಳುಗಳು.

ಜೀತವೆಂದರೇನೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ಮದುವೆಗೋ ಕಾಯಿಲೆಗೋ ಬರಗಾಲದ ಹಸಿವಿಗೋ ತಂದೆಯೊಬ್ಬನು ಒಡೆಯನಿಂದ ಅಲ್ಪ ಮೊತ್ತದ ಸಾಲ ಪಡೆಯುವನು. ಸಾಲ ತೀರುವವರೆಗೆ ಅವನೋ ಅವನ ಮಗನೋ ಒಡೆಯನ ಮನೆಯಲ್ಲಿ ದುಡಿಯಬೇಕು. ಹೊಟ್ಟೆಗೆ ಹಿಟ್ಟು, ಮೈಗೆ ಒಂದು ಕಂಬಳಿ ದೊರೆಯುತ್ತಿತ್ತು. ದುಡಿಮೆಯ ಲೆಕ್ಕ ಮಾತ್ರ ಸಾಲದ ಪುಸ್ತಕದಲ್ಲಿ ಏರುತ್ತಲೇ ಇರಲಿಲ್ಲ. ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗ ಒಡೆಯನ ಎಮ್ಮೆ ಕಾಯುತ್ತಿದ್ದನು. ತಂದೆ ತೀರಿಕೊಂಡರೆ ಸಾಲ ತೀರುತ್ತಿರಲಿಲ್ಲ, ಅದು ಮಗನ ಹೆಗಲಿಗೆ ಬರುತ್ತಿತ್ತು. ಇದನ್ನು ಗುಲಾಮಗಿರಿಯೆಂದು ಕರೆಯಲು ಸಂಕೋಚವೇಕೆ? ಕರಾವಳಿಯಲ್ಲಂತೂ ಆ ಸಂಕೋಚವೂ ಇರಲಿಲ್ಲ. 1800-01ರಲ್ಲಿ ದಕ್ಷಿಣ ಭಾರತವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೆನರಾ ಮತ್ತು ಮಲಬಾರುಗಳಲ್ಲಿ ಭೂಮಿಯೊಡನೆ ದುಡಿಯುವ ಮನುಷ್ಯರನ್ನೂ ಗುಲಾಮರನ್ನಾಗಿ ಇರಿಸಿಕೊಂಡಿದ್ದುದನ್ನು ದಾಖಲಿಸಿದ್ದಾನೆ.

ಬ್ರಿಟಿಷ್ ಭಾರತದಲ್ಲಿ 1843ರ ಕಾನೂನು ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತು. ಆದರೆ ಸಾಲದ ಹೆಸರಿನ ದಾಸ್ಯ ಮುಂದುವರಿಯಿತು. ಜೀತ ಪದ್ಧತಿ ನಿರ್ಮೂಲನ ಕಾಯಿದೆ ಬಂದದ್ದು 1976ರಲ್ಲಿ. ಅಂದರೆ ಇಂದು ಕಾಲೇಜಿಗೆ ಅರ್ಜಿ ಹಾಕುವ ಹುಡುಗಿಯ ಅಜ್ಜ ಜೀತದಾಳಾಗಿದ್ದಿರಬಹುದು. ನಮ್ಮ ನಾಡಿನಲ್ಲಿ ಇದು ಪುರಾತನ ಇತಿಹಾಸವಲ್ಲ, ಬದುಕಿರುವವರ ನೆನಪು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ 1948ರಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರು ಈ ಸೀಮೆಯ ದಲಿತರ ಬಾಳನ್ನು ‘ಒಡಲಾಳ’, ‘ಕುಸುಮಬಾಲೆ’ಗಳಲ್ಲಿ ಅವರದೇ ನುಡಿಯಲ್ಲಿ ಕಡೆದಿಟ್ಟರು. ಓದುಬರಹ ನಿಷಿದ್ಧವಾಗಿದ್ದ ಕೇರಿಯ ನುಡಿಯೇ ಕನ್ನಡದ ಶ್ರೇಷ್ಠ ಸಾಹಿತ್ಯವಾಯಿತೆಂಬುದು, ಶಾಲೆಯ ಬಾಗಿಲು ತೆರೆದರೆ ಏನಾಗಬಲ್ಲದೆಂಬುದಕ್ಕೆ ಸಾಕ್ಷಿ.

ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಬ್ರಾಹ್ಮಣರನ್ನು ಬಿಟ್ಟು ಉಳಿದ ಸಮುದಾಯಗಳು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದಿವೆಯೆಂದು ಸಮಿತಿ ಕಂಡುಕೊಂಡಿತು. ಹುದ್ದೆಗಳಲ್ಲಿ ಪಾಲು ಮತ್ತು ವಿದ್ಯಾರ್ಥಿವೇತನ ಎರಡನ್ನೂ ಶಿಫಾರಸು ಮಾಡಿತು. 1921ರಲ್ಲಿ ಆದೇಶ ಹೊರಬಿತ್ತು. ಅರ್ಹತೆಗೆ ಧಕ್ಕೆಯಾಗುವುದೆಂಬ ಆಕ್ಷೇಪ ಆಗಲೂ ಬಲವಾಗಿತ್ತು. ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಈ ನೀತಿಯ ಬಗೆಗಿನ ಭಿನ್ನಾಭಿಪ್ರಾಯದಿಂದ ಅಧಿಕಾರ ತ್ಯಜಿಸಿದರು. ಮರೆಯಬಾರದ ಸಂಗತಿಯೆಂದರೆ, ಆ ಆದೇಶದ ಫಲಾನುಭವಿಗಳಲ್ಲಿ ಮೈಸೂರಿನ ಮುಸ್ಲಿಮರೂ ಇದ್ದರು. ನೂರು ವರ್ಷಗಳ ಹಿಂದೆ ನಾವು ಏರಿದ ಏಣಿಯನ್ನು ಇಂದು ಇನ್ನೊಬ್ಬರು ಏರುವಾಗ ಅಲುಗಾಡಿಸುವುದು ನಮಗೆ ಶೋಭೆಯಲ್ಲ.

ಕಾಡಿನಲ್ಲಿರುವ ನಮ್ಮ ಸಹೋದರರು

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ ತಾಲ್ಲೂಕುಗಳ ಕಾಡಿನಂಚಿನಲ್ಲಿ, ಬೆಳಗಾವಿಯ ಖಾನಾಪುರ, ಧಾರವಾಡದ ಕಲಘಟಗಿ ಭಾಗಗಳಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಅವರ ಪೂರ್ವಿಕರು ಆಫ್ರಿಕದವರು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೊಝಾಂಬಿಕ್ ಮೊದಲಾದ ಕಡೆಗಳಿಂದ ಹಡಗುಗಳಲ್ಲಿ ಗುಲಾಮರನ್ನು ತಂದರು. ಒಡೆಯರ ಕ್ರೌರ್ಯ ತಾಳಲಾರದೆ ತಪ್ಪಿಸಿಕೊಂಡವರು ಘಟ್ಟದ ಕಾಡನ್ನು ಸೇರಿದರು. ಬಿಡುಗಡೆಯಾದವರೂ ಅಲ್ಲಿಗೇ ಬಂದರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಧರ್ಮ ಬೇರೆಯಾದರೂ ದಮ್ಮಾಮಿನ ನಾದ ಎಲ್ಲರಿಗೂ ಒಂದೇ.

ಆಫ್ರಿಕದಿಂದ ಬಂದವರೆಲ್ಲರೂ ಕಾಡು ಸೇರಲಿಲ್ಲ. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖನ್ನಿಗೆ ಬಂದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತದ ಚುಕ್ಕಾಣಿ ಹಿಡಿದು, 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲರನ್ನು ತಡೆದು ನಿಲ್ಲಿಸಿದರು. ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ದಿಲಾವರ್ ಖಾನ್, ಇಖ್ಲಾಸ್ ಖಾನ್ ಮುಂತಾದ ಹಬಶಿ ಅಮೀರರು ರಾಜ್ಯಭಾರವನ್ನೇ ನಡೆಸಿದರು. ಈ ಹೆಸರುಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದುದೇ. ಆದರೆ ಹಬಶಿಯೊಬ್ಬನು ದಿವಾನನಾದನೆಂಬ ಹೆಮ್ಮೆಯು, ಅವನನ್ನು ತಂದೆತಾಯಿಯಿಂದ ಕಿತ್ತು ಮಾರಿದ ಮಾರುಕಟ್ಟೆಯನ್ನು ಮರೆಮಾಚಬಾರದು. ಆ ಮಾರುಕಟ್ಟೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿದ್ದರು, ಮುಸ್ಲಿಂ ಖರೀದಿದಾರರಿದ್ದರು. ಮೈಸೂರಿನಲ್ಲಿಯೂ ಹೈದರಲಿಯವರು 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಮೇಲೆ ಸೆರೆಯಾಗಿ ತಂದ ಬಾಲಕರಿಂದ ‘ಚೇಲಾ’ ಪಡೆಯನ್ನು ಕಟ್ಟಿದರು. ಇತರರ ಇತಿಹಾಸದ ಅನ್ಯಾಯವನ್ನು ಎಣಿಸುವ ನಾವು ನಮ್ಮದನ್ನು ಬಿಟ್ಟು ಎಣಿಸಲಾಗದು.

ಮತ್ತೆ ಕಾಡಿನ ಸಿದ್ದಿಗಳ ಕಡೆಗೆ ಬರೋಣ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಆಫ್ರಿಕದ ಮೈಕಟ್ಟು ಪದಕ ತಂದೀತೆಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಅವರ ಕಾಲುಗಳನ್ನು ಕಂಡ ವ್ಯವಸ್ಥೆಗೆ ಅವರ ತಲೆ ಕಾಣಲು ಇನ್ನೂ ಸಮಯ ಬೇಕಾಯಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿ ಜಿಲ್ಲೆಯ ಹೆಸರೂ ಇತ್ತು. ಪರಿಣಾಮವಾಗಿ ಜಿಲ್ಲೆಯ ಗಡಿಯ ಈಚೆಗಿದ್ದ ಅಕ್ಕನ ಮಗಳಿಗೆ ಪ್ರಮಾಣಪತ್ರ, ಆಚೆಗಿದ್ದ ತಂಗಿಯ ಮಗಳಿಗೆ ಇಲ್ಲ ಎಂಬಂಥ ಸ್ಥಿತಿ. ಬೆಳಗಾವಿ ಮತ್ತು ಧಾರವಾಡದ ಸಿದ್ದಿಗಳನ್ನು ಸೇರಿಸಿಕೊಳ್ಳಲು 2020ರ ತಿದ್ದುಪಡಿಯೇ ಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಜಾರ್ಜ್‌ಟೌನ್ ದಾಖಲೆ ನೋಡಿ ವಂಶಸ್ಥರನ್ನು ಹುಡುಕಿತು. ಸಿದ್ದಿಗಳ ಬಳಿ ಅಂಥ ದಾಖಲೆಯಿಲ್ಲ. ಓಡಿಬಂದವನು ತನ್ನ ಮಾರಾಟದ ಪತ್ರವನ್ನು ಹೊತ್ತು ತರುವುದಿಲ್ಲ. ಆದುದರಿಂದ ನಮ್ಮ ದೇಶದ ಪದ್ಧತಿಯು ವ್ಯಕ್ತಿಯ ವಂಶಾವಳಿಯನ್ನು ಕೇಳದೆ ಸಮುದಾಯವನ್ನು ಗುರುತಿಸುತ್ತದೆ. ಇದರಲ್ಲಿ ವಿವೇಕವಿದೆ.

ಮೂರು ಆಕ್ಷೇಪಗಳು

ಈಗ ಆಕ್ಷೇಪಗಳನ್ನು ನ್ಯಾಯವಾಗಿ ತೂಗೋಣ.

ಮೊದಲನೆಯದು ಧರ್ಮದ ಭಾಷೆಯಲ್ಲಿಯೇ ಬರುತ್ತದೆ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಪವಿತ್ರ ಕುರ್‌ಆನ್ ಸಾರಿದೆ. ಹಾಗಿರುವಾಗ ಅಜ್ಜನ ಕಾಲದ ಅನ್ಯಾಯಕ್ಕೆ ಇಂದಿನ ಅಮಾಯಕ ವಿದ್ಯಾರ್ಥಿ ಏಕೆ ಸೀಟು ಬಿಟ್ಟುಕೊಡಬೇಕು?

ಇದು ಗಂಭೀರ ಪ್ರಶ್ನೆ. ಉತ್ತರವೂ ಕುರ್‌ಆನಿನಲ್ಲಿಯೇ ಇದೆ. ಸೂರಃ ಅನ್ನಿಸಾದಲ್ಲಿ ವಾರಸುದಾರರ ಪಾಲುಗಳನ್ನು ನಿಗದಿಪಡಿಸುವಾಗ, ಮೃತನ ಉಯಿಲು ಮತ್ತು ಸಾಲಗಳನ್ನು ತೀರಿಸಿದ ಬಳಿಕವೇ ಪಾಲು ಎಂದು ಅಲ್ಲಾಹನು ಮತ್ತೆ ಮತ್ತೆ ಆಜ್ಞಾಪಿಸಿದ್ದಾನೆ. ಪಾಪ ಮಗನಿಗೆ ಬರುವುದಿಲ್ಲ, ಆದರೆ ಆಸ್ತಿ ಬರುತ್ತದೆ. ಆಸ್ತಿಯ ಮೇಲಿನ ಸಾಲವನ್ನು ಕಳೆಯದೆ ಅದು ಹಲಾಲ್ ಆಗಿ ಮಗನ ಕೈಸೇರದು. ಕಟ್ಟೆ, ಕಾಲುವೆ, ಗದ್ದೆ, ಪೇಟೆ, ಕಾಲೇಜುಗಳ ರೂಪದಲ್ಲಿ ಈ ನಾಡು ನಮಗೆಲ್ಲ ಆಸ್ತಿಯಾಗಿ ಬಂದಿದೆ. ಅದರೊಳಗೆ ಕೂಲಿ ಕಾಣದ ತಲೆಮಾರುಗಳ ದುಡಿಮೆ ಬೆರೆತಿದೆ. ಜೀತದ ಲೆಕ್ಕದಲ್ಲಿ ತಂದೆಯ ಸಾಲ ಮಗನಿಗೆ ಬರುವುದು ಸರಿಯೆಂದು ಒಪ್ಪಿದ ಸಮಾಜವು, ಸಾಲಗಾರ ತಾನೇ ಆದಾಗ ವಾರಸುದಾರಿಕೆಯನ್ನು ನಿರಾಕರಿಸಬಹುದೇ?

ಪ್ರವಾದಿ(ಸ)ರ ಮುಂದೆ ಒಮ್ಮೆ ಜನಾಝಾವೊಂದನ್ನು ತಂದಾಗ, ಮೃತನಿಗೆ ಸಾಲವಿದೆಯೇ ಎಂದು ವಿಚಾರಿಸಿದರು. ಇದೆಯೆಂದು ತಿಳಿದಾಗ ತಾವು ನಮಾಝ್ ನಿರ್ವಹಿಸದೆ ಸಹಾಬಿಗಳಿಗೆ ನಿರ್ವಹಿಸಲು ಹೇಳಿದರು. ಆಗ ಅಬೂ ಕತಾದಃ(ರ) ಆ ಸಾಲವನ್ನು ತಾವು ಹೊತ್ತುಕೊಂಡರು. ಅನಂತರವೇ ಪ್ರವಾದಿ(ಸ)ರು ನಮಾಝ್ ನಿರ್ವಹಿಸಿದರು. ಆ ಸಾಲವನ್ನು ಅಬೂ ಕತಾದಃ(ರ) ಮಾಡಿರಲಿಲ್ಲ. ತಾವು ಮಾಡದ ಸಾಲವನ್ನು ತೀರಿಸುವುದು ಅವರಿಗೆ ಶಿಕ್ಷೆಯಾಗಿರಲಿಲ್ಲ, ಗೌರವವಾಗಿತ್ತು.

ಎರಡನೆಯ ಆಕ್ಷೇಪ ಅರ್ಹತೆಯದು. ಇದು ಮಿಲ್ಲರ್ ಸಮಿತಿಯ ಕಾಲಕ್ಕಿಂತಲೂ ಬಹಳ ಹಳೆಯದು. ವಿಮೋಚಿತ ಗುಲಾಮ ಝೈದ್(ರ)ರ ಮಗನಾದ ತರುಣ ಉಸಾಮಾ(ರ)ರನ್ನು ಪ್ರವಾದಿ(ಸ)ರು ಸೇನಾಧಿಪತಿಯಾಗಿ ನೇಮಿಸಿದಾಗ ಕೆಲವರು ಗೊಣಗಿದರು. ಅವರ ತಂದೆಯ ನಾಯಕತ್ವದ ಬಗ್ಗೆಯೂ ಹೀಗೆಯೇ ಗೊಣಗಿದ್ದಿರಿ, ಆದರೆ ಅವರು ಅದಕ್ಕೆ ಅರ್ಹರೇ ಆಗಿದ್ದರು ಎಂಬರ್ಥದ ಉತ್ತರ ಪ್ರವಾದಿ(ಸ)ರಿಂದ ಬಂತು. ಅವಕಾಶ ದೊರೆತ ಮೇಲೆ ಅರ್ಹತೆ ಬೆಳಗಿದ ಉದಾಹರಣೆಗಳು ನಮ್ಮ ವಿದ್ಯಾ ಪರಂಪರೆಯ ತುಂಬ ಇವೆ. ಇಬ್ನು ಉಮರ್(ರ)ರಿಂದ ವಿಮೋಚಿತರಾದ ನಾಫಿಅ್, ಇಬ್ನು ಅಬ್ಬಾಸ್(ರ)ರ ಮನೆಯಲ್ಲಿ ಕಲಿತ ಇಕ್ರಿಮಃ, ಮಕ್ಕಾದ ಮುಫ್ತಿಯಾದ ಅತಾ ಬಿನ್ ಅಬೀ ರಬಾಹ್ ಇವರೆಲ್ಲರೂ ದಾಸ್ಯದ ಹಿನ್ನೆಲೆಯವರು. ವಿದ್ವಾಂಸರ ಮಜ್ಲಿಸಿನ ಬಾಗಿಲು ಇವರಿಗೆ ಮುಚ್ಚಿದ್ದರೆ ನಮ್ಮ ಹದೀಸ್ ಮತ್ತು ಫಿಕ್ಹ್ ಜ್ಞಾನದ ಗತಿಯೇನಾಗುತ್ತಿತ್ತು?

ಮನೆಯಲ್ಲಿ ಓದುವ ಮೇಜು, ಟ್ಯೂಷನ್, ಇಂಗ್ಲಿಷ್ ಬಲ್ಲ ಹೆತ್ತವರು ಇರುವ ಮಗುವಿನ ಶೇ. 90ಕ್ಕೂ, ಇವು ಯಾವುವೂ ಇಲ್ಲದ ಮಗುವಿನ ಶೇ. 75ಕ್ಕೂ ನಡುವಿನ ಅಂತರವೆಲ್ಲ ಬುದ್ಧಿಯ ಅಂತರವಲ್ಲ. ನಮ್ಮ ಬಡ ಮೊಹಲ್ಲಾಗಳ ಮಕ್ಕಳನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ಆಕ್ಷೇಪದಲ್ಲಿ ಹೆಚ್ಚು ಸತ್ಯವಿದೆ. ಆದ್ಯತೆಯ ಫಲ ನಿಜವಾಗಿ ನೊಂದವರನ್ನು ತಲುಪುತ್ತಿದೆಯೇ? ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸಿದ್ದಿಗಳಂಥ ಪುಟ್ಟ ಸಮುದಾಯವು, ಜನಸಂಖ್ಯೆಯಲ್ಲಿ ಅನೇಕ ಪಟ್ಟು ದೊಡ್ಡದಾದ ನಾಯಕ ಸಮುದಾಯದೊಡನೆ ಒಂದೇ ಸೀಟಿಗಾಗಿ ಸ್ಪರ್ಧಿಸಬೇಕು. 2022ರಲ್ಲಿ ಪಂಗಡದ ಪಾಲು ಶೇ. 3ರಿಂದ 7ಕ್ಕೆ ಏರಿದರೂ ಕಾಡಿನ ಹುಡುಗಿಗೆ ವೈದ್ಯಕೀಯ ಕಾಲೇಜು ಇನ್ನೂ ದೂರವೇ. ಪರಿಶಿಷ್ಟ ಜಾತಿಗಳೊಳಗೆ ಉಪವರ್ಗೀಕರಣ ಮಾಡಬಹುದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟಿನಲ್ಲಿ ತೀರ್ಪಿತ್ತಿದೆ. ಅದೇ ನ್ಯಾಯವನ್ನು ಪಂಗಡಗಳ ಅತ್ಯಂತ ಸಣ್ಣ ಸಮುದಾಯಗಳಿಗೂ ಅನ್ವಯಿಸಬೇಕೆಂಬ ಬೇಡಿಕೆ ಸಾಧುವಾದುದು. ಹೀಗೆ ಈ ಆಕ್ಷೇಪವು ಆದ್ಯತೆಯನ್ನು ಸರಿಪಡಿಸಲು ಕಾರಣವೇ ಹೊರತು ಅದನ್ನು ಕಿತ್ತುಹಾಕಲು ಕಾರಣವಲ್ಲ.

ಹಾಗೆಯೇ ಎಲ್ಲಿಯವರೆಗೆ ಎಂಬ ಪ್ರಶ್ನೆಗೂ ಉತ್ತರ ಪಂಚಾಂಗದಲ್ಲಿಲ್ಲ, ಊರಿನ ನಡವಳಿಕೆಯಲ್ಲಿದೆ. 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಾಲಯ ಪ್ರವೇಶದ ವಿವಾದದ ಬೆನ್ನಲ್ಲೇ ಮೂವರು ದಲಿತರ ಕೊಲೆಯಾಯಿತು. ಜೀತ ರದ್ದಾಗಿ ಹದಿನೇಳು ವರ್ಷಗಳಾಗಿದ್ದವು. ಕಾನೂನಿನ ಸರಪಳಿ ಕಳಚಿದ ದಿನವೇ ಮನಸ್ಸಿನ ಸರಪಳಿ ಕಳಚುವುದಿಲ್ಲ.

ಬಿಡುಗಡೆ ಮತ್ತು ಬಂಡವಾಳ

ಇಸ್ಲಾಮ್ ಗುಲಾಮಗಿರಿಯನ್ನು ಒಂದೇ ದಿನದಲ್ಲಿ ನಿಷೇಧಿಸಲಿಲ್ಲ. ಬಿಡುಗಡೆಯ ದಾರಿಗಳನ್ನು ಒಂದೊಂದಾಗಿ ತೆರೆಯಿತು. ಮುಸ್ಲಿಂ ಸಾಮ್ರಾಜ್ಯಗಳು ಆ ದಾರಿಯಲ್ಲಿ ಕೊನೆಯವರೆಗೆ ನಡೆಯಲಿಲ್ಲವೆಂಬುದು ನಮ್ಮ ಇತಿಹಾಸದ ನೋವು. ಆದರೆ ಆ ಶಿಕ್ಷಣದಲ್ಲಿ ಇಂದಿನ ಚರ್ಚೆಗೆ ಬೇಕಾದ ಒಂದು ತತ್ವವಿದೆ: ಬಿಡುಗಡೆ ಮಾತ್ರ ಸಾಲದು, ಬಿಡುಗಡೆಯಾದವನ ಕೈಗೆ ಬಂಡವಾಳವೂ ಬೇಕು.

ಸೂರಃ ಅನ್ನೂರ್‌ನಲ್ಲಿ, ಗುಲಾಮನು ಬಿಡುಗಡೆಯ ಕರಾರನ್ನು ಕೇಳಿದರೆ ಒಪ್ಪಿರಿ ಎಂಬ ಆದೇಶದ ಜೊತೆಗೇ, ಅಲ್ಲಾಹನು ನಿಮಗೆ ನೀಡಿದ ಸಂಪತ್ತಿನಿಂದ ಅವನಿಗೂ ನೀಡಿರಿ ಎಂಬ ಆದೇಶವಿದೆ. ಝಕಾತಿನ ಎಂಟು ಬಾಬುಗಳಲ್ಲಿ ದಾಸ್ಯವಿಮೋಚನೆಯೂ ಒಂದು. ಸಲ್ಮಾನ್ ಫಾರಿಸೀ(ರ)ರ ಬಿಡುಗಡೆಗೆ 300 ಖರ್ಜೂರದ ಸಸಿಗಳನ್ನು ನೆಟ್ಟುಕೊಡಬೇಕಾಗಿದ್ದಾಗ, ಸಹಾಬಿಗಳು ತಮ್ಮ ತಮ್ಮ ಶಕ್ತಿಯಂತೆ ಸಸಿಗಳನ್ನು ತಂದರು, ಪ್ರವಾದಿ(ಸ)ರು ಸ್ವತಃ ತಮ್ಮ ಕೈಯಾರೆ ನೆಟ್ಟರು. ದಾಸಿಗೆ ಉತ್ತಮ ಶಿಕ್ಷಣ ನೀಡಿ, ಬಿಡುಗಡೆ ಮಾಡಿ, ಗೌರವದ ದಾಂಪತ್ಯ ನೀಡಿದವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಹದೀಸಿನಲ್ಲಿ ಬಂದಿದೆ. ಅಲ್ಲಿಯೂ ವಿದ್ಯೆ ಮತ್ತು ಬಿಡುಗಡೆ ಜೊತೆಜೊತೆಯಾಗಿಯೇ ಬರುತ್ತವೆ. ಇಂದಿನ ಖರ್ಜೂರದ ಸಸಿ ಯಾವುದೆಂದರೆ ಕಾಲೇಜಿನ ಸೀಟು, ಹಾಸ್ಟೆಲಿನ ಕೊಠಡಿ, ಪುಸ್ತಕದ ಹಣ.

ನಮ್ಮ ಮುಂದಿರುವ ಕೆಲಸ

ಪರಿಶಿಷ್ಟ ಪಂಗಡದ ಕಾನೂನು ಧರ್ಮವನ್ನು ಕೇಳುವುದಿಲ್ಲ. ಆದುದರಿಂದ ಮುಸ್ಲಿಂ ಸಿದ್ದಿಗೂ ಅದರ ಹಕ್ಕು ಇದೆ. ಪರಿಶಿಷ್ಟ ಜಾತಿಯ 1950ರ ಆದೇಶವಾದರೋ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅನ್ವಯಿಸಿತು. ಮುಸ್ಲಿಂ ಮತ್ತು ಕ್ರೈಸ್ತ ದಲಿತರು ಹೊರಗೇ ಉಳಿದರು. ಜೀತದ ಗಾಯ ಕಲಿಮಾ ಪಠಿಸಿದೊಡನೆ ಮಾಯುವುದಿಲ್ಲ. ಈ ಅನ್ಯಾಯವನ್ನು ನಾವು ಪ್ರಶ್ನಿಸಬೇಕು. ಆದರೆ ದಲಿತರ ಹಕ್ಕಿನ ಬಗ್ಗೆ ಅಸೂಯೆಪಡುತ್ತಾ ಅದನ್ನು ಪ್ರಶ್ನಿಸುವ ನೈತಿಕ ಬಲ ನಮಗೆ ಬರಲಾರದು. 2ಬಿ ಮೀಸಲಾತಿಗಾಗಿ ನಾವು ಹೇಳುವ ಮಾತು ಮತ್ತು ಜೀತದವರ ಮಕ್ಕಳಿಗಾಗಿ ಅವರು ಹೇಳುವ ಮಾತು ಒಂದೇ ನ್ಯಾಯದ ಎರಡು ಧ್ವನಿಗಳು.

ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ನಮ್ಮ ಸಂಸ್ಥೆಗಳ ವಿದ್ಯಾರ್ಥಿವೇತನಗಳಲ್ಲಿ ಸಿದ್ದಿ ಮಕ್ಕಳಿಗೆ ಒಂದು ಪಾಲನ್ನು ಮೀಸಲಿಡಬಹುದು. ಹಳಿಯಾಳ, ಮುಂಡಗೋಡಗಳಿಂದ ಓದಲು ಬರುವವರಿಗೆ ನಮ್ಮ ಹಾಸ್ಟೆಲುಗಳಲ್ಲಿ ಜಾಗ ಕೊಡಬಹುದು. ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆಯುವ ಹೆತ್ತವರ ಜೊತೆ ಅರ್ಜಿ ತುಂಬಲು ತಿಳಿದ ಯುವಕನೊಬ್ಬನನ್ನು ಕಳುಹಿಸಬಹುದು. ಎಲ್ಲಕ್ಕಿಂತ ಮೊದಲು, ಬಣ್ಣ ಮತ್ತು ಕುಲದ ಹೆಸರಿನಲ್ಲಿ ಮದುವೆಯ ಸಂಬಂಧವನ್ನು ನಿರಾಕರಿಸುವ ನಮ್ಮ ಚಾಳಿಯನ್ನು ಬಿಡಬಹುದು. ಹಝ್ರತ್ ಬಿಲಾಲ್(ರ)ರ ಅಝಾನನ್ನು ಮಿಂಬರಿನಿಂದ ಕೊಂಡಾಡಿ, ಅವರದೇ ಮೈಬಣ್ಣದ ಹುಡುಗನನ್ನು ಸಫ್ಫಿನಲ್ಲಿ ಕಂಡಾಗ ಕಣ್ಣು ಹೊರಳಿಸುವ ಸಮುದಾಯಕ್ಕೆ ಮೀಸಲಾತಿಯ ನ್ಯಾಯಾನ್ಯಾಯವನ್ನು ಚರ್ಚಿಸುವ ಹಕ್ಕು ಎಲ್ಲಿಂದ ಬಂದೀತು?

ಮುಂದಿನ ಸಿಇಟಿ ಫಲಿತಾಂಶದ ದಿನ ನಮ್ಮ ಮಕ್ಕಳು ಬಂದು, ತಮಗಿಂತ ಕಡಿಮೆ ಅಂಕ ಪಡೆದವರಿಗೆ ಸೀಟು ಸಿಕ್ಕಿತಲ್ಲ ಎಂದು ಕೇಳಿದರೆ, ಈ ಇತಿಹಾಸವನ್ನು ಅವರಿಗೆ ಹೇಳೋಣ. ಆ ಸೀಟು ದಾನವಲ್ಲ, ಬಹಳ ತಡವಾಗಿ ಸಂದಾಯವಾಗುತ್ತಿರುವ ಕೂಲಿಯ ಒಂದು ಕಂತು. ಹಕ್ಕುದಾರನಿಗೆ ಅವನ ಹಕ್ಕನ್ನು ಸಲ್ಲಿಸುವ ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.